ಹನ್ನೊಂದನೇ ದಿನ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಓಪಿಯಾಯ್ಡ್ (ಹೆರಾಯಿನ್, ಮಾರ್ಫಿನ್‌ನಂಥ ಅಫೀಮಿನ ಜಾತಿಯ ಔಷಧಿ) ಚಟಕ್ಕೆ ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್ ಚಿಕಿತ್ಸೆ ಜಿಲ್ಲಾ ಮಟ್ಟದಲ್ಲಿ ಸಿಗುವಂತೆ ಮಾಡಬೇಕೆಂದು ಕೋರಿಕೆ.

ಮಾನ್ಯರೇ,

ನಮಸ್ಕಾರ. ನಾನು ಅರಸೀಕೆರೆಯವಳು. ಫಾರ್ಮಸಿಸ್ಟ್. 16 ವರ್ಷ ಇಂಗ್ಲೆಂಡಿನ ಒಂದು ಸಣ್ಣ ಊರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿ ಈಗ ಊರಿಗೆ ವಾಪಸ್ ಬಂದಿದ್ದೇನೆ. ಅಲ್ಲಿ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನನ್ನ ಮೊದಲ ಕೆಲಸ ಹೆರಾಯಿನ್ ಚಟದಿಂದ ಹೊರಗೆ ಬರುತ್ತಿರುವವರಿಗೆ ಮೆಥಡೋನ್ ಅಳೆದು ಕುಡಿಸುವುದು. ನನ್ನ ಒಡಹುಟ್ಟಿದ ಅಕ್ಕನ ಮಗನಿಗೂ ಅದೇ ಜಾತಿಯ ಚಟ ಇತ್ತು. ಇಲ್ಲಿಯ ಒಂದು ಸೆಂಟರ್‌ನಲ್ಲಿ ಮೂರು ತಿಂಗಳ ಚಿಕಿತ್ಸೆ ಮುಗಿಸಿ ಮನೆಗೆ ಬಂದ ಹನ್ನೊಂದನೇ ದಿನ ಅವನು ತೀರಿಕೊಂಡ. ಅವನಿಗೆ 24 ವರ್ಷ.

ಈ ಎರಡೂ ನನ್ನ ಕಣ್ಣ ಮುಂದಿವೆ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಹುಡುಗನ ವಿಷಯ ಹೇಳುತ್ತೇನೆ. ಬೈಕಿನಿಂದ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ರಾಡ್ ಹಾಕಿದರು. ನೋವಿಗೆ ಟಪೆಂಟಡಾಲ್ ಅನ್ನುವ ಓಪಿಯಾಯ್ಡ್ ಮಾತ್ರೆ ಬರೆದುಕೊಟ್ಟರು. ಮೂಳೆ ಕೂಡಿತು, ಕೆಲಸಕ್ಕೂ ಹೋದ. ಮಾತ್ರೆ ಮಾತ್ರ ನಿಲ್ಲಲಿಲ್ಲ. ಚೀಟಿ ಇಲ್ಲದೆ ಕೊಡುವ ಅಂಗಡಿ ಸಿಕ್ಕಿತು. ಆಮೇಲೆ ಜೊತೆಗಾರರು ಸಿಕ್ಕರು. ಕೊನೆಗೆ ಮಾತ್ರೆ ಅರೆದು, ನೀರಿಗೆ ಕಲಸಿ ಸೂಜಿಯಲ್ಲಿ ಹಾಕಿಕೊಳ್ಳುವ ಮಟ್ಟಕ್ಕೆ ಬಂದ. ಒಂದು ಹೊತ್ತು ತಪ್ಪಿದರೆ ಮೂಗು ಸೋರುವುದು, ಆಕಳಿಕೆ, ಮೈಯೆಲ್ಲ ಮುರಿದ ಹಾಗೆ ನೋವು, ಭೇದಿ, ರಾತ್ರಿಯೆಲ್ಲ ಕಾಲು ಒದ್ದಾಡುವುದು. ಅಕ್ಕ ಅದನ್ನು ನೋಡಿ ಮೊದಲು ಟೈಫಾಯಿಡ್ ಅಂದುಕೊಂಡಿದ್ದಳಂತೆ.

ಯಾರೋ ಹೇಳಿದರು ಅಂತ ಬೆಂಗಳೂರಿನ ಹೊರವಲಯದ ಒಂದು ಡಿ-ಅಡಿಕ್ಷನ್ ಸೆಂಟರ್‌ಗೆ ಸೇರಿಸಿದರು. ಅಕ್ಕ ತನ್ನ ಸರ ಅಡವಿಟ್ಟಳು. ನನಗೆ ಒಂದು ಮಾತೂ ಹೇಳಲಿಲ್ಲ. ನಾಚಿಕೆ, ಅಷ್ಟೇ ಕಾರಣ. ಆ ಸೆಂಟರ್‌ನಲ್ಲಿ ಮೂರು ತಿಂಗಳು ಫೋನ್ ಇಲ್ಲ. ಮೊದಲ ತಿಂಗಳು ಭೇಟಿ ಇಲ್ಲ. ಡಾಕ್ಟರ್ ಬರುತ್ತಿದ್ದರೋ ಇಲ್ಲವೋ ಇವತ್ತಿಗೂ ನಮಗೆ ಗೊತ್ತಿಲ್ಲ, ಬರೆದ ಒಂದು ಚೀಟಿಯೂ ಸಿಗಲಿಲ್ಲ. ಎರಡನೇ ತಿಂಗಳು ಅಕ್ಕ ನೋಡಲು ಹೋದಾಗ ಅವನು ಬಿಸಿಲಲ್ಲೂ ತುಂಬು ತೋಳಿನ ಅಂಗಿ ಹಾಕಿ, ಗುಂಡಿಯನ್ನು ಮುಂಗೈ ತನಕ ಹಾಕಿಕೊಂಡಿದ್ದ. ಏನೂ ಹೇಳಲಿಲ್ಲ. "ಅಮ್ಮ, ಕರ್ಕೊಂಡು ಹೋಗು" ಅಂದನಂತೆ. ಪಕ್ಕದಲ್ಲಿ ನಿಂತಿದ್ದವರು, "ಎಲ್ಲರೂ ಹಂಗೇ ಅಂತಾರೆ, ಈಗ ಕರ್ಕೊಂಡು ಹೋದ್ರೆ ದುಡ್ಡೂ ಹೋಯ್ತು, ಮಗನೂ ಹೋದ" ಅಂದರು. ಅಕ್ಕ ಬಿಟ್ಟು ಬಂದಳು.

ಮೂರು ತಿಂಗಳು ತುಂಬಿದ ದಿನ ಒಂದು ಸರ್ಟಿಫಿಕೇಟ್ ಕೊಟ್ಟು ಕಳಿಸಿದರು. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು, ನಡುವೆ "ಸಂಪೂರ್ಣ ವ್ಯಸನಮುಕ್ತ" ಎಂಬ ಅಕ್ಷರ. ಆ ದಿನ ಸಂಜೆ ಅಕ್ಕ ನನಗೆ ಫೋನ್ ಮಾಡಿ ಅತ್ತಳು. "ನಿಂಗೆ ಹೇಳಿರ್ಲಿಲ್ಲ, ಬೇಜಾರು ಮಾಡ್ಕೋಬೇಡ. ಈಗ ಎಲ್ಲ ಸರಿ ಹೋಯ್ತು" ಅಂದಳು. ಅವಳು ಖುಷಿಯಲ್ಲಿದ್ದಳು. ನನಗೆ ಕೈಕಾಲು ತಣ್ಣಗಾಯಿತು. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಹುಡುಗನ ಹತ್ತಿರವೂ ಮಾತಾಡಿದೆ. "ಚಿಕ್ಕೀ, ನಾನು ಚೆನ್ನಾಗಿದ್ದೀನಿ, ತೂಕ ಬಂದಿದೆ" ಅಂದ. ಅಲ್ಲಿಂದಲೇ ಓಡಾಡಿ, ಬೆಂಗಳೂರಿನಲ್ಲಿ ಒಬ್ಬ ಮನೋವೈದ್ಯರ ಹತ್ತಿರ ಸೋಮವಾರಕ್ಕೆ ಸಮಯ ತೆಗೆದುಕೊಟ್ಟೆ. ಅವನು ಭಾನುವಾರ ಮಧ್ಯಾಹ್ನ ಊಟ ಮಾಡಿ ಮಹಡಿ ಮೇಲಿನ ರೂಮಿಗೆ ಹೋದ. ಸಂಜೆ ಕಾಫಿಗೆ ಕರೆಯಲು ಹೋದವರು ನನ್ನ ಅಕ್ಕ.

ಮೊದಲು ತೆಗೆದುಕೊಳ್ಳುತ್ತಿದ್ದಷ್ಟನ್ನೇ ಅವನು ಅವತ್ತೂ ತೆಗೆದುಕೊಂಡಿದ್ದ. ಜಾಸ್ತಿ ಏನಿಲ್ಲ. ಮೂರು ತಿಂಗಳ ಹಿಂದೆ ಅದು ಅವನ ಮೈಗೆ ಒಗ್ಗಿತ್ತು. ಈಗ ಒಗ್ಗಲಿಲ್ಲ. ಉಸಿರು ನಿಂತಿತು.

ಮಾನ್ಯರೇ, ನನ್ನ ಅಂಗಡಿಯಲ್ಲಿ ಒಂದು ನಿಯಮ ಇತ್ತು. ಮೆಥಡೋನ್ ಕುಡಿಯುವವರು ಸತತ ಮೂರು ದಿನ ಬರದಿದ್ದರೆ, ಮತ್ತೆ ಬಂದಾಗ ಹಳೆಯ ಡೋಸ್ ಕೊಡುವಂತಿಲ್ಲ. ಅವರನ್ನು ಕೂರಿಸಿ, ಔಷಧಿ ಬರೆದ ಕ್ಲಿನಿಕ್‌ಗೆ ಫೋನ್ ಮಾಡಬೇಕು. ಅವರು ಪರೀಕ್ಷೆ ಮಾಡಿ ಡೋಸ್ ಇಳಿಸಿ ಹೊಸದಾಗಿ ಬರೆದುಕೊಟ್ಟ ಮೇಲೆಯೇ ನಾನು ಅಳೆಯಬೇಕು. ಬರೀ ಮೂರು ದಿನಕ್ಕೆ ಮೈ ಮರೆತುಬಿಡುತ್ತದೆ ಅನ್ನುವ ಭಯಕ್ಕೆ ಇಷ್ಟೆಲ್ಲ. ನಮ್ಮ ಹುಡುಗನನ್ನು 90 ದಿನ ಬರಿಗೈಯಲ್ಲಿ ಇರಿಸಿ, ಒಂದು ಎಚ್ಚರಿಕೆಯ ಮಾತೂ ಹೇಳದೆ, ಸರ್ಟಿಫಿಕೇಟ್ ಕೊಟ್ಟು ಬಸ್ ಹತ್ತಿಸಿದರು. ಅಕ್ಕನ ಫೋನ್ ಬಂದಾಗ ನನ್ನ ಕೈಕಾಲು ತಣ್ಣಗಾಗಿದ್ದು ಇದಕ್ಕೆ.

ಇದು ನನ್ನೊಬ್ಬಳ ಭಯ ಅಲ್ಲ. 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲಂಡನ್ನಿನ ಜಾನ್ ಸ್ಟ್ರಾಂಗ್ ಮತ್ತು ಸಂಗಡಿಗರ ಅಧ್ಯಯನ ಬಂತು. ಆಸ್ಪತ್ರೆಗೆ ಸೇರಿ ಡಿಟಾಕ್ಸ್, ಅಂದರೆ ಮೈಯಿಂದ ಓಪಿಯಾಯ್ಡ್ ಬಿಡಿಸುವ ಚಿಕಿತ್ಸೆ, ಮಾಡಿಸಿಕೊಂಡ 137 ಜನರನ್ನು ಹಿಂಬಾಲಿಸಿ ನೋಡಿದರು. ಒಂದು ವರ್ಷದೊಳಗೆ ಐದು ಜನ ಸತ್ತರು. ಅದರಲ್ಲಿ ಮೂವರದು ಓವರ್‌ಡೋಸ್, ಅದೂ ಮೊದಲ ನಾಲ್ಕೇ ತಿಂಗಳಲ್ಲಿ. ಆ ಮೂವರೂ ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಓಡಿದವರಲ್ಲ. ಪೂರ್ತಿ ಮುಗಿಸಿ, ಚೆನ್ನಾಗಿದ್ದಾರೆ ಅನ್ನಿಸಿಕೊಂಡು ಮನೆಗೆ ಹೋದವರು. ನಾನು ಇದನ್ನು ಓದಿದ್ದು ಹುಡುಗ ಹೋಗುವುದಕ್ಕೆ ಎಷ್ಟೋ ವರ್ಷ ಮುಂಚೆ. ನನಗೆ ಗೊತ್ತಿತ್ತು. ನಮ್ಮ ಮನೆಗೆ ಗೊತ್ತಿರಲಿಲ್ಲ.

ಈಗ ಮೆಥಡೋನ್ ಅಂದರೆ ಏನು ಅಂತ ಹೇಳುತ್ತೇನೆ. ನಿಮಗೆ ಗೊತ್ತಿರಬಹುದು, ಆದರೆ ಇದನ್ನು ಊರಿನ ಜನವೂ ಓದಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ. ಇದೂ ಓಪಿಯಾಯ್ಡೇ. 1930ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ನೋವಿನ ಔಷಧಿಯಾಗಿ ತಯಾರಾಯಿತು. ಹೆರಾಯಿನ್ ಗುಣ ನಾಲ್ಕಾರು ಗಂಟೆಗೆ ಇಳಿಯುತ್ತದೆ. ಇಳಿದ ಕೂಡಲೇ ಮೈ ಹಿಂಡುತ್ತದೆ, ಮನುಷ್ಯ ಮತ್ತೆ ಹುಡುಕಿಕೊಂಡು ಓಡುತ್ತಾನೆ. ದಿನಕ್ಕೆ ಮೂರು ನಾಲ್ಕು ಸಲ ಹೀಗೆ. ಮೆಥಡೋನ್ ಬಾಯಲ್ಲಿ ಕುಡಿಯುವಂಥದ್ದು, ನಿಧಾನ ಏರುತ್ತದೆ, ಒಂದು ಸಲ ಕುಡಿದರೆ ಒಂದು ದಿನಕ್ಕೂ ಜಾಸ್ತಿ ಮೈಯಲ್ಲಿ ನಿಲ್ಲುತ್ತದೆ. ಸರಿಯಾದ ಡೋಸ್‌ನಲ್ಲಿ ಅಮಲೂ ಇಲ್ಲ, ನಡುಕವೂ ಇಲ್ಲ. ಮೇಲೆ ಹೆರಾಯಿನ್ ಹಾಕಿಕೊಂಡರೂ ಹಿಂದಿನ ಮಜಾ ಸಿಗುವುದಿಲ್ಲ.

ಇದನ್ನು ಮೊದಲು ಸರಿಯಾಗಿ ಪ್ರಯೋಗ ಮಾಡಿ ತೋರಿಸಿದ್ದು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ, 1964ರಲ್ಲಿ. ವಿನ್ಸೆಂಟ್ ಡೋಲ್ ಅನ್ನುವವರು ದೇಹದಲ್ಲಿ ಕೊಬ್ಬು ಹೇಗೆ ಕರಗುತ್ತದೆ ಅಂತ ಸಂಶೋಧನೆ ಮಾಡುತ್ತಿದ್ದ ಡಾಕ್ಟರ್. ಮೇರಿ ನೈಸ್ವಾಂಡರ್ ಮನೋವೈದ್ಯೆ. ಚಟ ಇರುವವರನ್ನು ರೋಗಿಗಳ ಹಾಗೆ ನೋಡಬೇಕು, ಅಪರಾಧಿಗಳ ಹಾಗಲ್ಲ ಅಂತ ಆಗಲೇ ಹೇಳುತ್ತಿದ್ದವರು. ಮೇರಿ ಜೀನ್ ಕ್ರೀಕ್ ಅನ್ನುವ ಯುವ ಡಾಕ್ಟರ್ ಜೊತೆಗೂಡಿದರು. ಮೊದಲು ಇಬ್ಬರು ರೋಗಿಗಳಿಗೆ ಮಾರ್ಫಿನ್ ಕೊಟ್ಟು ನೋಡಿದರು. ಡೋಸ್ ಏರಿಸುತ್ತಲೇ ಹೋಗಬೇಕಾಯಿತು. ಅವರು ದಿನವಿಡೀ ಸುಮ್ನೆ ಕೂತು, ಮುಂದಿನ ಇಂಜೆಕ್ಷನ್ ಎಷ್ಟು ಹೊತ್ತಿಗೆ ಅಂತ ಕೇಳುತ್ತಿದ್ದರು. ಆಮೇಲೆ ಇಬ್ಬರಿಗೂ ಮೆಥಡೋನ್ ಕೊಟ್ಟರು. ನಿಧಾನವಾಗಿ ನಿಲ್ಲಿಸುವ ಯೋಚನೆ ಇತ್ತು. ಆದರೆ ಅಷ್ಟರಲ್ಲಿ ಒಬ್ಬ ಚಿತ್ರ ಬರೆಯಲು ಶುರು ಮಾಡಿದ. ಇನ್ನೊಬ್ಬ, ನಿಂತುಹೋದ ಓದು ಮುಂದುವರಿಸಬೇಕು ಅಂತ ಡಾಕ್ಟರ ಬೆನ್ನು ಹತ್ತಿದ. ಔಷಧಿ ನಿಲ್ಲಿಸುವ ಯೋಚನೆಯನ್ನೇ ಬಿಟ್ಟರು.

ನನಗೆ ಈ ಭಾಗ ಓದಿದಾಗಲೆಲ್ಲ ಗಂಟಲು ಕಟ್ಟುತ್ತದೆ. ನಮ್ಮ ಹುಡುಗನೂ ಡಿಪ್ಲೊಮಾ ಅರ್ಧಕ್ಕೆ ಬಿಟ್ಟಿದ್ದ. ಎರಡು ಪೇಪರ್ ಬಾಕಿ ಇತ್ತು.

1965ರ ಆಗಸ್ಟ್‌ನಲ್ಲಿ 22 ರೋಗಿಗಳ ವರದಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲಿ ಬಂತು. 60 ವರ್ಷ ಆಯಿತು ಮಾನ್ಯರೇ. ಇದು ಹೊಸದಾಗಿ ಬಂದ, ನಾಳೆ ಏನಾಗುತ್ತದೋ ಅನ್ನುವಂಥ ಔಷಧಿ ಅಲ್ಲ.

22 ಜನರ ಕಥೆ ನಂಬುವುದು ಹೇಗೆ ಅಂತ ಕೇಳುವವರು ಆಗಲೂ ಇದ್ದರು. ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹಾಂಕಾಂಗ್‌ನಿಂದ ಬಂತು. ರಾಬರ್ಟ್ ನ್ಯೂಮನ್ ಮತ್ತು ವೈಟ್‌ಹಿಲ್ 100 ಜನ ಹೆರಾಯಿನ್ ರೋಗಿಗಳನ್ನು ಎರಡು ವಾರ 60 ಮಿಲಿಗ್ರಾಂ ಮೆಥಡೋನ್‌ನಲ್ಲಿ ಇರಿಸಿದರು. ಆಮೇಲೆ ಅರ್ಧ ಜನಕ್ಕೆ ಮೆಥಡೋನ್ ಮುಂದುವರಿಸಿದರು. ಇನ್ನರ್ಧ ಜನಕ್ಕೆ ದಿನಕ್ಕೆ ಒಂದೊಂದು ಮಿಲಿಗ್ರಾಂ ಇಳಿಸುತ್ತಾ, ಕೊನೆಗೆ ಔಷಧಿ ಇಲ್ಲದ ಬರೀ ನೀರೌಷಧಿಗೆ ತಂದರು. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಸಲಹೆ, ಆಪ್ತ ಮಾತು, ಸಹಾಯ ಎಲ್ಲರಿಗೂ ಒಂದೇ. 32 ವಾರ ಕಳೆದಾಗ ಮೆಥಡೋನ್ ಸಿಕ್ಕ 50 ಜನರಲ್ಲಿ 38 ಜನ ಚಿಕಿತ್ಸೆಯಲ್ಲಿ ಉಳಿದಿದ್ದರು. ಇನ್ನೊಂದು ಗುಂಪಿನಲ್ಲಿ ಉಳಿದದ್ದು ಐದು. ಮೂರು ವರ್ಷ ಆದಾಗ ಮೊದಲ ಗುಂಪಿನಲ್ಲಿ 28, ಎರಡನೆಯದರಲ್ಲಿ ಒಬ್ಬರು. 1979ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಬಂತು. ನಮ್ಮ ಸೆಂಟರ್‌ಗಳು ಈಗಲೂ ಮಾಡುತ್ತಿರುವುದು ಆ ಎರಡನೇ ಗುಂಪಿಗೆ ಮಾಡಿದ್ದನ್ನೇ. ಅದಕ್ಕಿಂತ ಕಡಿಮೆ ಅನ್ನಬೇಕು, ಯಾಕೆಂದರೆ ಅವರಿಗೆ ನಿಧಾನವಾಗಿ ಇಳಿಸುವುದಾದರೂ ಇತ್ತು.

ಸ್ವೀಡನ್ನಿನ ಉಪ್ಸಾಲಾದಲ್ಲಿ 34 ಜನರ ಸಣ್ಣ ಪ್ರಯೋಗ ನಡೆಯಿತು, 1981ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಕೊನೆಗೆ ಮೆಥಡೋನ್ ಸಿಕ್ಕ 17 ಜನರಲ್ಲಿ 12 ಜನ ಚೆನ್ನಾಗಿದ್ದರು. ಸಿಗದ 17 ಜನರಲ್ಲಿ ಒಬ್ಬರು ಮಾತ್ರ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 18 ತಿಂಗಳು ನೋಡಿದಾಗ, ಮೆಥಡೋನ್ ಚಿಕಿತ್ಸೆಯಲ್ಲಿದ್ದವರಲ್ಲಿ ಹೊಸದಾಗಿ ಎಚ್‌ಐವಿ ತಗುಲಿದ್ದು ಶೇ 3.5 ಜನಕ್ಕೆ, ಚಿಕಿತ್ಸೆ ಇಲ್ಲದವರಲ್ಲಿ ಶೇ 22 ಜನಕ್ಕೆ. ಇಷ್ಟೆಲ್ಲ ಆದ ಮೇಲೆ 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೆಥಡೋನ್ ಮತ್ತು ಅದೇ ಕೆಲಸಕ್ಕೆ ಬಳಸುವ ಬ್ಯುಪ್ರೆನಾರ್ಫಿನ್ ಎರಡನ್ನೂ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಪ್ಯಾರಾಸಿಟಮಾಲ್, ಇನ್ಸುಲಿನ್ ಇರುವ ಪಟ್ಟಿ ಅದು.

ಸಾವಿನ ಲೆಕ್ಕವನ್ನೂ ಹೇಳಲೇಬೇಕು. 2017ರಲ್ಲಿ ಹಲವು ದೇಶಗಳ 19 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಮೆಥಡೋನ್ ತೆಗೆದುಕೊಂಡ 1,22,885 ಜನರ ಲೆಕ್ಕ ಅದರಲ್ಲಿತ್ತು. ಚಿಕಿತ್ಸೆಯಲ್ಲಿದ್ದಾಗ ವರ್ಷಕ್ಕೆ ಸಾವಿರಕ್ಕೆ ಸುಮಾರು 11 ಸಾವು. ಚಿಕಿತ್ಸೆ ಬಿಟ್ಟ ಮೇಲೆ ಸಾವಿರಕ್ಕೆ ಸುಮಾರು 36. ಬಿಟ್ಟ ನಂತರದ ಮೊದಲ ನಾಲ್ಕು ವಾರವಂತೂ ತುಂಬ ಅಪಾಯ. ಹನ್ನೊಂದನೇ ದಿನ ಆ ನಾಲ್ಕು ವಾರದೊಳಗೇ ಬರುತ್ತದೆ.

ಇನ್ನೊಂದು ಕಡೆಯ ಮಾತನ್ನೂ ಮುಚ್ಚಿಡುವುದಿಲ್ಲ. ಅದೇ ಅಧ್ಯಯನದಲ್ಲಿ ಮೆಥಡೋನ್ ಶುರು ಮಾಡಿದ ಮೊದಲ ನಾಲ್ಕು ವಾರವೂ ಅಪಾಯದ್ದು ಅಂತ ಇದೆ. ಔಷಧಿ ಮೈಯಲ್ಲಿ ದಿನದಿಂದ ದಿನಕ್ಕೆ ಸೇರಿಕೊಳ್ಳುತ್ತಾ ಹೋಗುತ್ತದೆ. ಮೊದಲ ದಿನ ಸಾಲದು ಅನ್ನಿಸಿದ ಡೋಸ್ ನಾಲ್ಕನೇ ದಿನ ಜಾಸ್ತಿ ಆಗಬಹುದು. ಕೆಲವರಿಗೆ ಹೃದಯದ ಬಡಿತದ ತಾಳ ತಪ್ಪುತ್ತದೆ, ಇಸಿಜಿ ನೋಡಬೇಕಾಗುತ್ತದೆ. ಮನೆಯಲ್ಲಿ ಇಟ್ಟದ್ದನ್ನು ಮಗು ಕುಡಿದರೆ ಜೀವವೇ ಹೋಗಬಹುದು. ಅದಕ್ಕೇ ಮೆಥಡೋನ್ ಅನ್ನು ಸಿಕ್ಕಸಿಕ್ಕ ಅಂಗಡಿಯಲ್ಲಿ ಕೊಡಿ ಅಂತ ನಾನು ಕೇಳುತ್ತಿಲ್ಲ. ತರಬೇತಿ ಆದ ಡಾಕ್ಟರ್ ಬರೆಯಬೇಕು, ತರಬೇತಿ ಆದವರು ಎದುರಿಗೆ ಕುಡಿಸಬೇಕು.

ಎದುರಿಗೆ ಕುಡಿಸುವುದು ಅಂದರೆ ಹೇಗೆ ಅಂತ ಹೇಳುತ್ತೇನೆ. ನನ್ನ ಹತ್ತಿರ ಮನೆಗಳಿಗೆ ಚಾವಣಿ ಹಾಕುವ ಕೆಲಸದ ಒಬ್ಬರು ಬರುತ್ತಿದ್ದರು. ಬೆಳಿಗ್ಗೆ ಎಂಟೂವರೆಗೆ, ನಾನು ಶಟರ್ ಎತ್ತುವ ಹೊತ್ತಿಗೆ, ಕೈಯಲ್ಲಿ ಟಾರಿನ ಕಲೆ ಇರುತ್ತಿತ್ತು. ಒಳಗಿನ ಸಣ್ಣ ರೂಮಿಗೆ ಕರೆದು ಬಾಗಿಲು ಹಾಕುತ್ತಿದ್ದೆ. ಬೇರೆ ಗಿರಾಕಿಗಳ ಮುಂದೆ ಯಾವತ್ತೂ ಕೊಡುತ್ತಿರಲಿಲ್ಲ. ಹೆಸರು, ಹುಟ್ಟಿದ ದಿನ ಕೇಳಬೇಕು. ಕಣ್ಣು ನೋಡಬೇಕು, ಬಾಯಿ ವಾಸನೆ ಬರುತ್ತಿದೆಯಾ ಗಮನಿಸಬೇಕು. ಹಸಿರು ಬಣ್ಣದ ದ್ರವ, ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ. ಅವರದು 70. ಕುಡಿದ ಮೇಲೆ ಅದೇ ಲೋಟಕ್ಕೆ ನೀರು ಹಾಕಿ ಕೊಡಬೇಕು. ಆಮೇಲೆ ಒಂದೆರಡು ಮಾತು ಆಡಿಸಬೇಕು. ಬಾಯಲ್ಲಿ ಇಟ್ಟುಕೊಂಡು ಹೊರಗೆ ಹೋಗಿ ಉಗಿದು ಮಾರಬಾರದು ಅಂತ ಇರುವ ನಿಯಮ ಅದು. ನಮ್ಮಿಬ್ಬರಿಗೆ ಅದು ಮಾತಾಡುವ ಸಮಯವೇ ಆಗಿಹೋಯಿತು. ಮಗಳ ಶಾಲೆ, ಬೆನ್ನು ನೋವು, ಮಳೆ. ಒಂಬತ್ತು ವರ್ಷ ಅವರು ಬಂದರು. ಮಗಳ ಮದುವೆಯ ಫೋಟೊ ತಂದು ತೋರಿಸಿದರು. ನಮ್ಮ ಹುಡುಗ ಹೋದ ಸುದ್ದಿ ಕೇಳಿದ ದಿನ ಅಂಗಡಿಯಲ್ಲಿ ನನ್ನ ಮುಖ ನೋಡಿ ಏನಾಯಿತು ಅಂತ ಮೊದಲು ಕೇಳಿದವರು ಅವರೇ.

ಹೀಗೆ ಎದುರಿಗೆ ಕುಡಿಸುವ ಪದ್ಧತಿ ಬ್ರಿಟನ್ನಿನಲ್ಲಿ ಬಿಗಿಯಾದ ಮೇಲೆ, ಕೊಟ್ಟ ಔಷಧಿಯ ಪ್ರಮಾಣಕ್ಕೆ ಹೋಲಿಸಿದರೆ ಮೆಥಡೋನ್‌ನಿಂದ ಆಗುವ ಸಾವು ನಾಲ್ಕು ಪಟ್ಟಿಗೂ ಹೆಚ್ಚು ಇಳಿಯಿತು ಅಂತ 2010ರ ಅಧ್ಯಯನ ಹೇಳುತ್ತದೆ. ಅಪಾಯ ಇದೆ ಅಂತ ಔಷಧಿಯನ್ನೇ ದೂರ ಇಟ್ಟಿದ್ದರೆ ಇದು ಆಗುತ್ತಿರಲಿಲ್ಲ. ನಮ್ಮಲ್ಲಿ ಟಿಬಿ ಮಾತ್ರೆಯನ್ನು ಕಣ್ಣೆದುರೇ ನುಂಗಿಸುವುದನ್ನು ಆಶಾ ಕಾರ್ಯಕರ್ತೆಯರು ಎಷ್ಟೋ ವರ್ಷದಿಂದ ಮಾಡಿದ್ದಾರೆ. ಎಆರ್‌ಟಿ ಕೇಂದ್ರಗಳಲ್ಲಿ ಎಚ್‌ಐವಿ ಇರುವವರಿಗೆ ವರ್ಷಾನುಗಟ್ಟಲೆ ಮಾತ್ರೆ ಕೊಡುತ್ತಿದ್ದೇವೆ. ಈ ಕೆಲಸ ನಮ್ಮವರಿಗೆ ಬರುತ್ತದೆ ಮಾನ್ಯರೇ.

"ಒಂದು ಚಟ ಬಿಡಿಸಿ ಇನ್ನೊಂದು ಚಟ ಹಚ್ಚಿದ ಹಾಗಲ್ವಾ?" ಈ ಪ್ರಶ್ನೆಯನ್ನು ಊರಿಗೆ ಬಂದ ಮೇಲೆ ನೂರು ಸಲ ಕೇಳಿದ್ದೇನೆ. ಡಾಕ್ಟರುಗಳೂ ಕೇಳಿದ್ದಾರೆ. ನನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ. 20 ವರ್ಷದಿಂದ ಮಾತ್ರೆ. ಅಮ್ಮ ಮಾತ್ರೆಯ ಚಟಕ್ಕೆ ಬಿದ್ದಿದ್ದಾರೆ ಅಂತ ಯಾರೂ ಅನ್ನುವುದಿಲ್ಲ. ನಿಲ್ಲಿಸಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಚಟ ಅಂದರೆ ಮೈಗೆ ಔಷಧಿ ಬೇಕಾಗುವುದು ಮಾತ್ರ ಅಲ್ಲ. ಅದಕ್ಕಾಗಿ ಸುಳ್ಳು ಹೇಳುವುದು, ಮನೆಯ ತಪ್ಪಲೆ ಮಾರುವುದು, ಕೆಲಸ ಬಿಡುವುದು, ಬೇರೆಯವರ ಸೂಜಿ ಚುಚ್ಚಿಕೊಳ್ಳುವುದು ಚಟ. ಬೆಳಿಗ್ಗೆ ಎಂಟೂವರೆಗೆ ಲೋಟ ಕುಡಿದು ಚಾವಣಿ ಕೆಲಸಕ್ಕೆ ಹೋಗುವುದನ್ನು ನಾನು ಆ ಹೆಸರಿನಿಂದ ಕರೆಯಲಾರೆ.

ಎಷ್ಟು ದಿನ ಕೊಡಬೇಕು ಅನ್ನುವುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಕೆಲವರು ಒಂದೆರಡು ವರ್ಷದಲ್ಲಿ ನಿಧಾನವಾಗಿ ಬಿಡುತ್ತಾರೆ. ಕೆಲವರಿಗೆ ಹತ್ತು ವರ್ಷ, ಕೆಲವರಿಗೆ ಜೀವನ ಪೂರ್ತಿ. ಅದನ್ನು ರೋಗಿ ಮತ್ತು ಡಾಕ್ಟರ್ ಕೂತು ತೀರ್ಮಾನ ಮಾಡಲಿ. ಆರು ತಿಂಗಳಿಗೆ ನಿಲ್ಲಿಸಿ ಅನ್ನುವ ಸುತ್ತೋಲೆ ಮಾತ್ರ ಯಾವತ್ತೂ ಬರಬಾರದು. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ವಶ ಮಾಡಿಕೊಂಡಾಗ ಅಲ್ಲಿ ಸುಮಾರು 800 ಜನ ಈ ಚಿಕಿತ್ಸೆಯಲ್ಲಿದ್ದರು. ರಷ್ಯಾದಲ್ಲಿ ಮೆಥಡೋನ್ ನಿಷೇಧ. ಸರಬರಾಜು ನಿಂತುಹೋಯಿತು. ಒಂದು ವರ್ಷದೊಳಗೆ ಅವರಲ್ಲಿ ಸುಮಾರು ಶೇ 10 ಜನ ಸತ್ತರು ಅಂತ ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿ ಮಿಶೆಲ್ ಕಜಾಚ್ಕಿನ್ ಹೇಳಿದ್ದರು.

ನಮ್ಮ ದೇಶದ ಸ್ಥಿತಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ಸಮೀಕ್ಷೆ 2019ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ 2 ಕೋಟಿಗೂ ಹೆಚ್ಚು ಜನ ಓಪಿಯಾಯ್ಡ್ ಬಳಸುತ್ತಾರೆ. ಅದರಲ್ಲಿ ಸುಮಾರು 77 ಲಕ್ಷ ಜನಕ್ಕೆ ಸಹಾಯ ಬೇಕು. ಹೆರಾಯಿನ್ ಮಾತ್ರ ಅಲ್ಲ, ಔಷಧಿ ಅಂಗಡಿಯ ಮಾತ್ರೆ ಬಳಸುವವರ ಸಂಖ್ಯೆಯೂ ಹೆರಾಯಿನ್ ಬಳಸುವವರ ಹತ್ತಿರ ಹತ್ತಿರ ಇದೆ. ಮೆಥಡೋನ್ ನಮ್ಮ ದೇಶಕ್ಕೆ ಚಿಕಿತ್ಸೆಯಾಗಿ ಬಂದದ್ದು 2012ರಲ್ಲಿ. ಕಾನೂನು ಅಡ್ಡ ಬರುತ್ತದೆ ಅನ್ನುವ ಹಾಗಿಲ್ಲ. 2014ರಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ಆಯಿತು. 2015ರಲ್ಲಿ ಅಗತ್ಯ ಮಾದಕ ಔಷಧಿಗಳು ಅಂತ ಆರು ಔಷಧಿಗಳನ್ನು ಗೊತ್ತು ಮಾಡಿದರು. ಅದರಲ್ಲಿ ಮೆಥಡೋನ್ ಇದೆ. ಬ್ಯುಪ್ರೆನಾರ್ಫಿನ್ ನಮ್ಮ ದೇಶದಲ್ಲೇ ತಯಾರಾಗುತ್ತದೆ. ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಅದು, ಮೆಥಡೋನ್‌ಗಿಂತ ಓವರ್‌ಡೋಸ್ ಭಯ ಕಡಿಮೆ. ನಮ್ಮ ಹುಡುಗನ ಹಾಗೆ ಮಾತ್ರೆಯಿಂದ ಶುರುವಾದವರಿಗೆ ಎಷ್ಟೋ ಸಲ ಅದೇ ಸಾಕಾಗುತ್ತದೆ. ಅದರಲ್ಲಿ ನಿಲ್ಲಲಾಗದವರಿಗೆ, ಹೆರಾಯಿನ್‌ನಲ್ಲಿ ಆಳಕ್ಕೆ ಇಳಿದವರಿಗೆ ಮೆಥಡೋನ್ ಬೇಕು. ಎರಡೂ ಇರಬೇಕು.

ಆದರೆ ಅರಸೀಕೆರೆಯ ಹುಡುಗನಿಗೆ ಇದು ಎಲ್ಲಿ ಸಿಗುತ್ತದೆ? ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗ ಇದೆ, ಒಳ್ಳೆಯ ಹೆಸರಿದೆ. ದಿನಾ ಬೆಂಗಳೂರಿಗೆ ಹೋಗಿ ಬರುವುದು ಯಾರಿಗೆ ಸಾಧ್ಯ? ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) ನಡೆಸುವ ಓಎಸ್‌ಟಿ ಕೇಂದ್ರಗಳಿವೆ, ಅಂದರೆ ಇಂಥ ಬದಲಿ ಔಷಧಿ ಕೊಡುವ ಕೇಂದ್ರಗಳು, ಆದರೆ ಅವು ಇರುವುದು ಎಚ್‌ಐವಿ ತಡೆಯಲು, ಸೂಜಿ ಚುಚ್ಚಿಕೊಳ್ಳುವವರಿಗೆ. ಮಾತ್ರೆ ನುಂಗುವ ಹುಡುಗ ಸೂಜಿ ಹಿಡಿಯುವ ತನಕ ಕಾಯಬೇಕಾ? ಮಧ್ಯದಲ್ಲಿ ಈ ಖಾಲಿ ಜಾಗ ಇರುವುದರಿಂದಲೇ ಬೀಗ ಹಾಕುವ ಸೆಂಟರ್‌ಗಳು ಬದುಕಿವೆ. ನನ್ನ ಅಕ್ಕ ಅಲ್ಲಿಗೆ ಹೋದದ್ದು ದಡ್ಡತನದಿಂದ ಅಲ್ಲ. ಬೇರೆ ಬಾಗಿಲು ಅವಳಿಗೆ ಕಾಣಲಿಲ್ಲ.

ಆದ್ದರಿಂದ ನನ್ನ ಮೊದಲ ಕೋರಿಕೆ ಇದು. ಪ್ರತಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಬ್ಯುಪ್ರೆನಾರ್ಫಿನ್ ಚಿಕಿತ್ಸೆ ಶುರು ಮಾಡಿ, ಸೂಜಿ ಇರಲಿ ಇಲ್ಲದಿರಲಿ, ಬೇಕಾದವರಿಗೆಲ್ಲ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿಯಂಥ ಊರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಮೆಥಡೋನ್ ಸಿಗಲಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯನ್ನು ನಮ್ಮ ರಾಜ್ಯವೇ ಮಾಡಿಕೊಂಡಿದೆ. ಅದೇ ದಾರಿಯಲ್ಲಿ ಇದನ್ನೂ ತಾಲ್ಲೂಕಿಗೆ ತರಬಹುದು. ಸ್ಥಿರವಾಗಿರುವವರಿಗೆ ಕೆಲವು ದಿನದ ಔಷಧಿ ಮನೆಗೆ ಕೊಡಿ. 2020ರಲ್ಲಿ ಕೋವಿಡ್ ಬಂದಾಗ ಅಮೆರಿಕದಲ್ಲಿ ಅಂಥವರಿಗೆ 28 ದಿನದ ಮೆಥಡೋನ್ ಮನೆಗೆ ಕೊಡಲು ಒಪ್ಪಿದರು, 2024ರಲ್ಲಿ ಅದನ್ನೇ ಕಾಯಂ ಮಾಡಿದರು. ದಿನಗೂಲಿ ಮಾಡುವವರು ದಿನಾ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಕೂಲಿ ಹೋಗುತ್ತದೆ, ಕೂಲಿ ಹೋದರೆ ಚಿಕಿತ್ಸೆ ಬಿಡುತ್ತಾರೆ.

ಡೋಸ್ ವಿಷಯದಲ್ಲಿ ಕೈ ಬಿಗಿ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸಾಮಾನ್ಯವಾಗಿ ದಿನಕ್ಕೆ 60ರಿಂದ 120 ಮಿಲಿಗ್ರಾಂ ಮೆಥಡೋನ್. ಹೆದರಿ 30ಕ್ಕೇ ನಿಲ್ಲಿಸಿದರೆ ರೋಗಿ ಸಂಜೆ ಹೊತ್ತಿಗೆ ಹಿಂಡಿಹೋಗಿ ಹೆರಾಯಿನ್ ಹುಡುಕುತ್ತಾನೆ. ಆಮೇಲೆ ಔಷಧಿ ಕೆಲಸ ಮಾಡಲಿಲ್ಲ ಅನ್ನುತ್ತೇವೆ. ಜೈಲಿಗೆ ಹೋದವರಿಗೂ ಚಿಕಿತ್ಸೆ ಮುಂದುವರಿಯಬೇಕು. ಬಿಡುಗಡೆಯಾಗಿ ಬಂದ ದಿನ, ಸೆಂಟರ್‌ನಿಂದ ಬಂದ ದಿನದಷ್ಟೇ ಅಪಾಯದ್ದು.

ಎರಡನೆಯದು ಸೆಂಟರ್‌ಗಳ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ತೊಂದರೆಯನ್ನೂ ಮಾನಸಿಕ ಕಾಯಿಲೆ ಅಂತಲೇ ಒಪ್ಪುತ್ತದೆ. ಅಂಥ ರೋಗಿಗಳನ್ನು ಇಟ್ಟುಕೊಳ್ಳುವ ಜಾಗ ನೋಂದಣಿ ಆಗಿರಬೇಕು. ಸರಪಳಿ ಹಾಕುವಂತಿಲ್ಲ. ನೋಂದಣಿ ಇರುವ ಸೆಂಟರ್‌ಗಳ ಪಟ್ಟಿಯನ್ನು, ಅಲ್ಲಿಗೆ ಬರುವ ಡಾಕ್ಟರ್ ಹೆಸರಿನ ಜೊತೆ, ಪ್ರತಿ ತಾಲ್ಲೂಕು ಆಸ್ಪತ್ರೆಯ ಗೋಡೆ ಮೇಲೆ ಕನ್ನಡದಲ್ಲಿ ಹಾಕಿಸಿ. ಇಲ್ಲದವುಗಳನ್ನು ಮುಚ್ಚಿಸಿ. ಹಾಗೆ ಮುಚ್ಚಿಸುವಾಗ ಒಳಗಿರುವವರನ್ನು ಸುಮ್ನೆ ಬೀದಿಗೆ ಬಿಡಬೇಡಿ, ಆಸ್ಪತ್ರೆಗೆ ಕಳಿಸಿ. ಯಾವ ಸೆಂಟರೇ ಆಗಲಿ, ಓಪಿಯಾಯ್ಡ್ ರೋಗಿಯನ್ನು ಮನೆಗೆ ಕಳಿಸುವ ದಿನ ಮನೆಯವರನ್ನು ಕೂರಿಸಿ ಒಂದು ಮಾತು ಹೇಳುವುದನ್ನು ಕಡ್ಡಾಯ ಮಾಡಿ: "ಇವರ ಮೈ ಈಗ ಹಳೆಯ ಡೋಸ್ ತಡೆಯುವುದಿಲ್ಲ. ಮೊದಲಿನಷ್ಟೇ ತೆಗೆದುಕೊಂಡರೂ ಸಾಯಬಹುದು." ಇದಕ್ಕೆ ಖರ್ಚಿಲ್ಲ. ಜೊತೆಗೆ ನಲಾಕ್ಸೋನ್ ಬೇಕು. ಉಸಿರು ನಿಲ್ಲುತ್ತಿರುವವರಿಗೆ ಉಸಿರು ವಾಪಸ್ ತರುವ ಔಷಧಿ ಅದು. ಪ್ರತಿ 108 ಆಂಬುಲೆನ್ಸ್‌ನಲ್ಲಿ ಇರಲಿ, ಬಳಸುವುದು ಗೊತ್ತಿರಲಿ. ಇಂಗ್ಲೆಂಡಿನಲ್ಲಿ ಅದನ್ನು ಮನೆಯವರ ಕೈಗೇ ಕೊಟ್ಟು ಕಲಿಸುತ್ತಾರೆ, ನಾನೇ ಕಲಿಸಿದ್ದೇನೆ. ಹತ್ತು ನಿಮಿಷ ಸಾಕು.

ಈ ಪತ್ರ ಓದುತ್ತಿರುವ ತಾಯಿ ತಂದೆಯರಿಗೂ ಒಂದು ಮಾತು. ಮನೆಯಲ್ಲಿ ಯಾರಿಗಾದರೂ ಈ ತೊಂದರೆ ಇದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ. 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ್ ಹತ್ತಿರ "ಬ್ಯುಪ್ರೆನಾರ್ಫಿನ್ ಕೊಡಬಹುದಾ?" ಅಂತ ಹೆಸರು ಹಿಡಿದು ಕೇಳಿ. ಚಿಕ್ಕಮ್ಮನೋ ಸೋದರಮಾವನೋ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರೆ ಮೊದಲು ಅವರಿಗೆ ಹೇಳಿ.

ಮಾನ್ಯರೇ, ಅಕ್ಕ ಆ ಸರ್ಟಿಫಿಕೇಟನ್ನು ಹರಿದು ಹಾಕಿಲ್ಲ. ಬೀರುವಿನಲ್ಲಿ ಅವನ ಮಾರ್ಕ್ಸ್ ಕಾರ್ಡುಗಳ ಜೊತೆ ಇಟ್ಟಿದ್ದಾಳೆ. ಅದರ ನಕಲನ್ನು, ಸೆಂಟರ್ ಹೆಸರು ಮರೆ ಮಾಡಿ, ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಹೆಸರನ್ನು ವಿಚಾರಣೆಗೆ ಬರುವ ಅಧಿಕಾರಿಗೆ ನೇರವಾಗಿ ಕೊಡುತ್ತೇವೆ. ಔಷಧಿ ಅಳೆಯುವುದು, ಎದುರಿಗೆ ಕುಡಿಸುವುದು, ದಾಖಲೆ ಇಡುವುದು, ಇವನ್ನು ನಮ್ಮ ಜಿಲ್ಲೆಯ ಸರ್ಕಾರಿ ಫಾರ್ಮಸಿಸ್ಟ್‌ಗಳಿಗೆ ಕಲಿಸಲು ನಾನು ಸಂಬಳ ಇಲ್ಲದೆ ಬರುತ್ತೇನೆ. ಹಾಸನದ ಜಿಲ್ಲಾ ಆಸ್ಪತ್ರೆಯಿಂದಲೇ ಶುರು ಮಾಡಬಹುದು. ಯಾವ ದಿನ ಬರಬೇಕು ಅಂತ ತಿಳಿಸಿ.

ಇಂತಿ ಗೌರವಪೂರ್ವಕವಾಗಿ,
ಒಬ್ಬ ಫಾರ್ಮಸಿಸ್ಟ್,
ಅರಸೀಕೆರೆ, ಹಾಸನ ಜಿಲ್ಲೆ